ಡಿ7500ಗೆ 200-500 ಸಾಕೇ, 150-600 ಬೇಕೇ?

ನಿಕಾನ್ ಡಿ7500 ಕ್ಯಾಮೆರಾ ಇದೆ, ಹೋಗುವುದು ಹೆಚ್ಚಾಗಿ ಕಬಿನಿ ಸಫಾರಿಗೆ, ಸೆಕೆಂಡ್‌ಹ್ಯಾಂಡ್‌ನಲ್ಲಿ ನಿಕಾನ್ 200-500 ಎಂಎಂ ಜೂಮ್ ಲೆನ್ಸ್ ತಗೊಳ್ಳಲೋ ಸಿಗ್ಮಾ 150-600 ಕಂಟೆಂಪರರಿ ತಗೊಳ್ಳಲೋ ಎಂದು ಕೇಳಿದ್ದೀರಿ. ಕಬಿನಿಗಾದರೆ ನನ್ನ ಓಟು ನಿಕಾನ್‌ಗೆ.

ಕಾರಣ ಬೆಳಕು. ಹುಲಿ, ಚಿರತೆ ಹೆಚ್ಚಾಗಿ ಓಡಾಡುವುದೇ ಬೆಳಗಿನ, ಸಂಜೆಯ ಮಬ್ಬಿನಲ್ಲಿ. ನಿಕಾನ್ 500ರಲ್ಲೂ ಎಫ್/5.6 (ಈ ಸಂಖ್ಯೆ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು), ಸಿಗ್ಮಾ ಅಷ್ಟರಲ್ಲಿ 6.3ಕ್ಕೆ ಇಳಿದಿರುತ್ತದೆ. ವ್ಯತ್ಯಾಸ ಮೂರನೇ ಒಂದು ಸ್ಟಾಪ್ ಮಾತ್ರ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ), ಆದರೆ ಐಎಸ್‌ಒ (ಬೆಳಕಿನ ಸಂವೇದನೆ) 3200 ದಾಟಿ ಚಿತ್ರ ಕಾಳುಕಾಳಾದಾಗ ಅದೂ ಬೇಕೆನಿಸುತ್ತದೆ. 600 ಎಂಬ ಸಂಖ್ಯೆಗೆ ಮರುಳಾಗಬೇಡಿ: ಡಿ7500ರ ಚಿಕ್ಕ ಸೆನ್ಸರ್‌ನಲ್ಲಿ (1.5 ಕ್ರಾಪ್) 500 ಎಂದರೆ ದೊಡ್ಡ ಸೆನ್ಸರ್‌ನ ಫುಲ್‌ಫ್ರೇಮ್ ಕ್ಯಾಮೆರಾದ 750ರಷ್ಟು ನೋಟ. ತೊಂದರೆ ಇರುವುದು ಇನ್ನೊಂದು ತುದಿಯಲ್ಲಿ. ಆನೆ ಜೀಪಿನ ಪಕ್ಕಕ್ಕೇ ಬಂದರೆ 200ರಲ್ಲಿ ಕಣ್ಣು, ಕಿವಿಯಷ್ಟೇ ಸಿಗುತ್ತದೆ. ಆಗ ಅಷ್ಟಕ್ಕೇ ತೃಪ್ತರಾಗಿ. ಆ ಧೂಳಿನಲ್ಲಿ ಲೆನ್ಸ್ ಬಿಚ್ಚಬೇಡಿ.

ನಿಕಾನ್ ತೂಕ 2.3 ಕೆಜಿ, ಸಿಗ್ಮಾ 1.9ರ ಆಸುಪಾಸು. ರಂಗನತಿಟ್ಟಿನ ದೋಣಿಯಲ್ಲಿ ಕೈಯಲ್ಲೇ ಹಿಡಿದು ಹಾರುವ ಹಕ್ಕಿ ತೆಗೆಯುವುದೇ ನಿಮ್ಮ ಮುಖ್ಯ ಕೆಲಸವಾದರೆ ಸಿಗ್ಮಾ ಹಗುರ. ಹಾರುವ ಹಕ್ಕಿಗೆ ಶಟರ್ ವೇಗ 1/2000 ಸೆಕೆಂಡ್‌ಗಿಂತ ಕೆಳಗೆ ಇಳಿಸಬೇಡಿ. ಜೀಪಿನಲ್ಲಿ ಟ್ರೈಪಾಡ್ ದಂಡ. ಕಂಬಿಯ ಮೇಲೆ ಬೀನ್‌ಬ್ಯಾಗ್ (ಲೆನ್ಸ್ ಊರಲು ಕಾಳು ತುಂಬಿದ ಚೀಲ) ಇಡಿ, ಎಂಜಿನ್ ಆರಿಸಲು ಹೇಳಿ. ಲೆನ್ಸ್‌ನಲ್ಲಿರುವ ವಿಆರ್ ವ್ಯವಸ್ಥೆ ನಿಮ್ಮ ಕೈನಡುಕ ತಡೆಯುತ್ತದೆ, ಪ್ರಾಣಿಯ ಚಲನೆಯನ್ನಲ್ಲ. ನಡೆಯುವ ಹುಲಿಗೂ 1/500 ಬೇಕು.

ಕೊಳ್ಳುವ ಮುನ್ನ ಹಿಂಬದಿಯಿಂದ ಟಾರ್ಚ್ ಬಿಟ್ಟು ಒಳಗೆ ಜೇಡರ ಬಲೆಯಂಥ ಫಂಗಸ್ ಇದೆಯೇ ನೋಡಿ. ಇದ್ದರೆ ಎಷ್ಟು ಅಗ್ಗವಾದರೂ ಬೇಡ. ಆಮೇಲೆ 500, ಎಫ್/5.6ರಲ್ಲಿ ಒಂದೇ ಬೋರ್ಡನ್ನು ವ್ಯೂಫೈಂಡರ್‌ನಿಂದ ಒಮ್ಮೆ, ಲೈವ್ ವ್ಯೂನಲ್ಲಿ (ಹಿಂಬದಿಯ ಪರದೆ ನೋಡಿ) ಒಮ್ಮೆ ತೆಗೆಯಿರಿ. ಲೈವ್ ವ್ಯೂ ಚಿತ್ರ ಮಾತ್ರ ಸ್ಪಷ್ಟವಾಗಿದ್ದರೆ ಗಾಜು ಸರಿಯಿದೆ, ಫೋಕಸ್ ಹೊಂದಾಣಿಕೆ ತಪ್ಪಿದೆ. ಡಿ7500ರ ಎಎಫ್ ಫೈನ್‌ಟ್ಯೂನ್‌ನಲ್ಲಿ (ಫೋಕಸ್ ತಿದ್ದುವ ಸೆಟ್ಟಿಂಗ್) ಸಾಮಾನ್ಯವಾಗಿ ಸರಿಹೋಗುತ್ತದೆ. ಎರಡೂ ಮಂಕಾಗಿದ್ದರೆ ವಾಪಸ್ ಕೊಡಿ.