ಫ್ಲೋ ಕಂಟ್ರೋಲ್ 'ಹಾರ್ಡ್‌ವೇರ್' ಅಂತ ಇದ್ದರೂ ಲೇಬಲ್ ಕೆಡುವುದೇಕೆ?

ಪ್ರಶ್ನೆ: ನಮ್ಮದು ಬ್ಯಾಡಗಿ ಮೆಣಸಿನಪುಡಿ ಪ್ಯಾಕ್ ಮಾಡುವ ಸಣ್ಣ ಘಟಕ. ಹಳೆಯ ಲೇಬಲ್ ಪ್ರಿಂಟರ್‌ಗೆ ಅಂಗಡಿಯಲ್ಲಿ ಮಾಡಿಸಿದ ಸೀರಿಯಲ್ ಕೇಬಲ್ ಹಾಕಿದ್ದೇವೆ. 9600 ಬಾಡ್ (ಡೇಟಾ ಹೋಗುವ ವೇಗ) ತೀರಾ ನಿಧಾನ ಅಂತ 115200ಕ್ಕೆ ಏರಿಸಿದೆವು. ಈಗ ಮೊದಲ ಕೆಲವು ಲೇಬಲ್ ಸರಿಯಾಗಿ ಬರುತ್ತವೆ. ಆಮೇಲೆ ಚಿತ್ರ ಮುರಿಯುತ್ತದೆ, ಕೆಲವು ಬರುವುದೇ ಇಲ್ಲ. ಎರಡೂ ಕಡೆ ಫ್ಲೋ ಕಂಟ್ರೋಲ್ (ಡೇಟಾ ಯಾವಾಗ ನಿಲ್ಲಿಸಬೇಕು, ಯಾವಾಗ ಕಳಿಸಬೇಕು ಅನ್ನುವ ಏರ್ಪಾಡು) 'ಹಾರ್ಡ್‌ವೇರ್' ಅಂತಲೇ ಇದೆ. ಪ್ರಿಂಟರ್ ಹಾಳಾಗಿದೆಯಾ?

ಉತ್ತರ: ಪ್ರಿಂಟರ್ ಮೇಲೆ ನನಗೆ ಅನುಮಾನವಿಲ್ಲ. ಬಾಡ್ ಅಥವಾ ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್‌ನ ಸೆಟ್ಟಿಂಗ್) ತಪ್ಪಿದ್ದರೆ ಮೊದಲ ಲೇಬಲ್ಲೇ ಕೆಡುತ್ತಿತ್ತು. ನಾಲ್ಕು ಚೆನ್ನಾಗಿ ಬಂದು ಐದನೆಯದು ಕೆಟ್ಟರೆ ಬಫರ್, ಅಂದರೆ ಬಂದ ಡೇಟಾವನ್ನು ಪ್ರಿಂಟರ್ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ, ತುಂಬಿ ಚೆಲ್ಲುತ್ತಿದೆ ಅಂತಲೇ ಲೆಕ್ಕ.

ನಿಮ್ಮ ಲೇಬಲ್ 100 ಗುಣಿಸು 50 ಮಿಲಿಮೀಟರ್ ಅಂದುಕೊಳ್ಳೋಣ. 203 ಡಿಪಿಐ ಪ್ರಿಂಟರ್‌ನಲ್ಲಿ ಮಿಲಿಮೀಟರ್‌ಗೆ 8 ಚುಕ್ಕಿ. ಕನ್ನಡ ಅಕ್ಷರ, ಲೋಗೋ ಎಲ್ಲ ಸೇರಿ ಇಡೀ ಲೇಬಲ್ ಚಿತ್ರವಾಗಿ ಹೋದರೆ ಸುಮಾರು 40,000 ಬೈಟ್. 9600ರಲ್ಲಿ ಸೆಕೆಂಡಿಗೆ 960 ಬೈಟ್ ಹೋಗುತ್ತದೆ, ಅಂದರೆ ಒಂದು ಲೇಬಲ್‌ಗೆ 40 ಸೆಕೆಂಡ್ ದಾಟುತ್ತದೆ. ಅಷ್ಟರಲ್ಲಿ ಪ್ರಿಂಟರ್ ಹಿಂದಿನದನ್ನು ಮುಗಿಸಿ ಸುಮ್ನೆ ಕಾಯುತ್ತಿರುತ್ತದೆ. 115200ರಲ್ಲಿ ಅದೇ ಲೇಬಲ್ ಮೂರೂವರೆ ಸೆಕೆಂಡಿಗೆ ಬಂದು ಬೀಳುತ್ತದೆ. ಕೆಲಸದವರು ಒಂದೊಂದೇ ಕಿತ್ತು ಪ್ಯಾಕೆಟ್‌ಗೆ ಅಂಟಿಸುವವರೆಗೆ ಪ್ರಿಂಟರ್ ನಿಂತಿರುತ್ತದಲ್ವಾ? ಆ ಹೊತ್ತಿನಲ್ಲೂ ಡೇಟಾ ಬರುತ್ತಲೇ ಇರುತ್ತದೆ. ಅಂದರೆ ದೋಷ ಮೊದಲಿಂದಲೂ ಇತ್ತು, ನಿಧಾನದ ವೇಗ ಅದನ್ನು ಮುಚ್ಚಿಟ್ಟಿತ್ತು.

'ಸಾಕು, ನಿಲ್ಲಿಸು' ಅಂತ ಪ್ರಿಂಟರ್ ಹೇಳುವುದು ಒಂದು ತಂತಿಯ ಮೂಲಕ. ಕಂಪ್ಯೂಟರ್ ಅದನ್ನು ಸಿಟಿಎಸ್‌ನಲ್ಲಿ ('ಕಳಿಸಬಹುದು' ಅನ್ನುವ ಸಂಕೇತ), ಅಂದರೆ 9 ಪಿನ್ ಕನೆಕ್ಟರ್‌ನ 8ನೇ ಪಿನ್‌ನಲ್ಲಿ, ನೋಡುತ್ತದೆ. ಇಲ್ಲೊಂದು ಸುಳಿವಿದೆ. ಆ ತಂತಿ ಇಲ್ಲದೆ 8ನೇ ಪಿನ್ ಖಾಲಿ ಬಿಟ್ಟಿದ್ದರೆ, 'ಹಾರ್ಡ್‌ವೇರ್' ಸೆಟ್ಟಿಂಗ್‌ನಲ್ಲಿ ನಿಮಗೆ ಒಂದು ಲೇಬಲ್ಲೂ ಬರುತ್ತಿರಲಿಲ್ಲ. ಅನುಮತಿಗಾಗಿ ಕಂಪ್ಯೂಟರ್ ಕಾಯುತ್ತಲೇ ಕೂರುತ್ತಿತ್ತು. ಆದರೆ ನಿಮ್ಮಲ್ಲಿ ಬರುತ್ತಿದೆ. ಹಾಗಾಗಿ ಕೇಬಲ್ ಮಾಡಿದವರು ಮೂರೇ ತಂತಿ ಎಳೆದು, ಕಂಪ್ಯೂಟರ್ ಕಡೆಯ 7 ಮತ್ತು 8ನೇ ಪಿನ್‌ಗಳನ್ನು ಒಂದಕ್ಕೊಂದು ಬೆಸುಗೆ ಹಾಕಿರಬೇಕು. ಅಂಗಡಿ ಕೇಬಲ್‌ಗಳಲ್ಲಿ ಇದು ಜಾಸ್ತಿ. ಆಗ ಕಂಪ್ಯೂಟರ್ ತನ್ನ ಆರ್‌ಟಿಎಸ್ ಅನ್ನೇ (7ನೇ ಪಿನ್‌ನಲ್ಲಿ ತಾನೇ ಹೊರಡಿಸುವ ಸಂಕೇತ) ಪ್ರಿಂಟರ್‌ನ ಒಪ್ಪಿಗೆ ಅಂದುಕೊಂಡು ಕಳಿಸುತ್ತಲೇ ಇರುತ್ತದೆ.

ಕೇಬಲ್ಲನ್ನು ಎರಡೂ ಕಡೆ ಬಿಚ್ಚಿ, ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಕಂಪ್ಯೂಟರ್ ಕಡೆಯ ತುದಿಯಲ್ಲಿ 7-8ರ ನಡುವೆ ಮುಟ್ಟಿಸಿ. ಬೀಪ್ ಬಂದರೆ ಕಳ್ಳ ಸಿಕ್ಕಂತೆ.

ಹೊಸ ಕೇಬಲ್‌ನಲ್ಲಿ ಡೇಟಾ ಪಡೆಯುವ, ಕಳಿಸುವ ಪಿನ್‌ಗಳಾದ 2 ಮತ್ತು 3 ಅಡ್ಡ ಹೋಗಬೇಕು (ಒಂದು ಕಡೆಯ 2 ಇನ್ನೊಂದು ಕಡೆಯ 3ಕ್ಕೆ), ಗ್ರೌಂಡ್ ಆದ 5 ನೇರ. ಎಚ್ಚರ ಬೇಕಿರುವುದು ಪ್ರಿಂಟರ್ ಕಡೆಯ ಯಾವ ಪಿನ್ ಅನ್ನು ಕಂಪ್ಯೂಟರ್‌ನ 8ಕ್ಕೆ ತರಬೇಕು ಅನ್ನುವುದರಲ್ಲಿ. ಕೆಲವು ಲೇಬಲ್ ಪ್ರಿಂಟರ್‌ಗಳಲ್ಲಿ ಆರ್‌ಟಿಎಸ್ ಸದಾ ಆನ್ ಇರುತ್ತದೆ, ಬಫರ್ ತುಂಬಿದಾಗ ಇಳಿಯುವುದು ಡಿಟಿಆರ್ ('ನಾನು ತಯಾರು' ಅನ್ನುವ ಸಂಕೇತ), ಅಂದರೆ 4ನೇ ಪಿನ್. ಅಂಥದ್ದರಲ್ಲಿ 7 ತಂದು ಕೊಟ್ಟರೆ ಮತ್ತೆ ಅದೇ ಕಥೆ. ಮ್ಯಾನುಯಲ್ ನೋಡಿ, ಇಲ್ಲವೇ ಅಳೆಯಿರಿ. 5ನೇ ಪಿನ್‌ಗೆ ಕಪ್ಪು ಪ್ರೋಬ್ ಇಟ್ಟರೆ ಪ್ರಿಂಟರ್ ತಯಾರಿರುವಾಗ 4ರಲ್ಲಿ ಪ್ಲಸ್ ವೋಲ್ಟೇಜ್ ಕಾಣಬೇಕು. ಪ್ರಿಂಟರ್‌ನ ಪಾಸ್ (Pause) ಗುಂಡಿ ಒತ್ತಿ ದೊಡ್ಡ ಜಾಬ್ ಕಳಿಸಿ, ಬಫರ್ ತುಂಬಿದಾಗ ಅದು ಮೈನಸ್‌ಗೆ ಹೊರಳಬೇಕು.

ಕೇಬಲ್ ಬರುವವರೆಗೆ ಎರಡೂ ಕಡೆ ಫ್ಲೋ ಕಂಟ್ರೋಲನ್ನು ಎಕ್ಸ್‌ಆನ್-ಎಕ್ಸ್‌ಆಫ್‌ಗೆ ಬದಲಿಸಿ, ಅಂದರೆ 'ನಿಲ್ಲು', 'ಮುಂದುವರಿ' ಅನ್ನುವುದನ್ನು ಬೇರೆ ತಂತಿಯಲ್ಲಲ್ಲ, ಡೇಟಾ ತಂತಿಯಲ್ಲೇ ಕೋಡ್ ಆಗಿ ಕಳಿಸುವ ವಿಧಾನ. ಅದಕ್ಕೆ ಮೂರು ತಂತಿ ಸಾಕು. ಪ್ರಿಂಟರ್ 19ನೇ ಕೋಡ್ ಕಳಿಸಿದರೆ ನಿಲ್ಲಬೇಕು, 17 ಕಳಿಸಿದರೆ ಮುಂದುವರಿಯಬೇಕು. ಆ ಕೋಡ್ ತಡವಾಗಿ ತಲುಪಿದರೆ ಮತ್ತೆ ಚೆಲ್ಲುತ್ತದೆ, ಅದಕ್ಕೇ ನನ್ನ ಓಟು ತಂತಿಗೆ.

ಇನ್ನೊಂದು ವಿಷಯ. ಬದಲಾಗದ ಲೋಗೋ, ಹೆಸರು ಎಲ್ಲವನ್ನೂ ಪ್ರತಿ ಸಲ ಕಳಿಸುವುದೇಕೆ? ನಿಮ್ಮ ಪ್ರಿಂಟರ್‌ಗೆ ಚಿತ್ರವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಸೌಲಭ್ಯವಿದ್ದರೆ ಒಮ್ಮೆ ಹಾಕಿಡಿ. ಆಮೇಲೆ ಹೋಗುವುದು ಬ್ಯಾಚ್ ನಂಬರ್, ತಾರೀಖು, ಬೆಲೆ ಮಾತ್ರ, ಕೆಲವು ನೂರು ಬೈಟ್. ಅದಕ್ಕೆ 9600 ಕೂಡ ಧಾರಾಳ. ಹಾಗಂತ ತಂತಿ ಮಾತ್ರ ಬಿಡಬೇಡಿ.