ಕಾನೂನು ಬಂತು, ನಂಬಿಕೆ ಯಾಕೆ ಬರಲಿಲ್ಲ?

ಹಾಸನ ಜಿಲ್ಲೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ವಾಟರ್‌ಗೇಟ್ ಹಗರಣದಿಂದ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟರು. ಆಮೇಲೆ ಅಮೆರಿಕದಲ್ಲಿ ಸಾಲುಸಾಲು ಕಾನೂನು ಬಂದವು. ಆದರೂ ಸರ್ಕಾರದ ಮೇಲೆ ಜನರ ನಂಬಿಕೆ ಮರಳಲಿಲ್ಲ. ಹಾಗಾದರೆ ಅಷ್ಟೆಲ್ಲ ಬಯಲಿಗೆಳೆದು ಏನು ಸಿಕ್ಕಿತು? ಸುಮ್ನೆ ಬಿಟ್ಟಿದ್ದರೇ ಒಳ್ಳೆಯದಿತ್ತಲ್ವಾ?"

ಮೇಷ್ಟ್ರೇ, ನಮಸ್ಕಾರ.

ಸುಮ್ಮನೆ ಬಿಡಬೇಕಿತ್ತು ಅನ್ನುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಆದರೆ ನಂಬಿಕೆ ಯಾಕೆ ಮರಳಲಿಲ್ಲ ಅನ್ನುವ ಪ್ರಶ್ನೆ ನ್ಯಾಯವಾದದ್ದು.

ವಾಷಿಂಗ್ಟನ್‌ನ ಸರ್ಕಾರ ಬಹುಪಾಲು ಸರಿಯಾದದ್ದನ್ನೇ ಮಾಡುತ್ತದೆ ಎಂದು 1964ರ ಸಮೀಕ್ಷೆಯಲ್ಲಿ ಹೇಳಿದವರು ನೂರಕ್ಕೆ 77 ಮಂದಿ. 1972ರಲ್ಲಿ ಅದು 53ಕ್ಕೆ ಇಳಿದಿತ್ತು. 1974ರಲ್ಲಿ 36. ಅಂದರೆ ಅರ್ಧಕ್ಕಿಂತ ಜಾಸ್ತಿ ಕುಸಿತ ಹಗರಣ ಹೊರಬರುವ ಮೊದಲೇ ಆಗಿತ್ತು. ವಿಯೆಟ್ನಾಂ ಯುದ್ಧದ ಬಗ್ಗೆ ಸರ್ಕಾರ ಹೇಳಿದ ಸುಳ್ಳುಗಳಿಗೆ ಅದರಲ್ಲಿ ದೊಡ್ಡ ಪಾಲಿದೆ. ನಂಬಿಕೆ ಹಾಳಾದದ್ದು ಸುಳ್ಳಿನಿಂದ. ಅದನ್ನು ಬಯಲಿಗೆಳೆದವರ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ.

ಬಯಲಿಗೆ ಬಂದ ಬಗೆಯನ್ನೇ ನೋಡಿ. 1972ರ ಜೂನ್ 17ರ ನಸುಕು. ವಾಟರ್‌ಗೇಟ್ ಕಟ್ಟಡದಲ್ಲಿ ಫ್ರಾಂಕ್ ವಿಲ್ಸ್ ಎಂಬ 24 ವರ್ಷದ ಸೆಕ್ಯುರಿಟಿ ಗಾರ್ಡ್ ಸುತ್ತು ಹಾಕುತ್ತಿದ್ದರು. ಬಾಗಿಲಿನ ಬೀಗ ಕೂರದ ಹಾಗೆ ಯಾರೋ ಟೇಪ್ ಅಂಟಿಸಿದ್ದರು. ವಿಲ್ಸ್ ಕಿತ್ತು ಹಾಕಿದರು. ಇನ್ನೊಂದು ಸುತ್ತಿಗೆ ಬಂದಾಗ ಅದೇ ಜಾಗದಲ್ಲಿ ಮತ್ತೆ ಟೇಪ್! ತಕ್ಷಣ ಪೊಲೀಸರಿಗೆ ಫೋನ್ ಮಾಡಿದರು. ವಿರೋಧ ಪಕ್ಷದ ಕಚೇರಿಯೊಳಗೆ, ಕದ್ದಾಲಿಸುವ ಯಂತ್ರ ಇಡಲು ನುಗ್ಗಿದ್ದ ಐವರು ಸಿಕ್ಕಿಬಿದ್ದರು. ಅವರ ಹಿಂದೆ ಇದ್ದದ್ದು ನಿಕ್ಸನ್ ಅವರ ಚುನಾವಣಾ ತಂಡ. ಇಷ್ಟು ಮಾಡಿದ ಆ ಗಾರ್ಡ್ ಮುಂದೆ ಕೆಲಸವಿಲ್ಲದೆ ಕಷ್ಟದಲ್ಲೇ ಬದುಕಿ 2000ದಲ್ಲಿ ತೀರಿಕೊಂಡರು. ಇದು ನನಗೆ ಇವತ್ತಿಗೂ ನೋವಿನ ಸಂಗತಿ.

ಮುಂದಿನ ವರ್ಷ, ಹಗರಣದ ತನಿಖೆಗೆ ನೇಮಕವಾಗಿದ್ದ ವಿಶೇಷ ಪ್ರಾಸಿಕ್ಯೂಟರ್ ಆರ್ಚಿಬಾಲ್ಡ್ ಕಾಕ್ಸ್, ಅಧ್ಯಕ್ಷರು ತಮ್ಮ ಕಚೇರಿಯಲ್ಲಿ ಯಂತ್ರ ಇಟ್ಟು ಗುಟ್ಟಾಗಿ ಮಾಡಿಸಿದ್ದ ಮಾತುಕತೆಗಳ ಧ್ವನಿಮುದ್ರಣಗಳನ್ನು ಕೊಡಿ ಎಂದರು. ಅವರನ್ನು ಕಿತ್ತುಹಾಕಿ ಎಂದು ನಿಕ್ಸನ್ ಆಜ್ಞೆ ಮಾಡಿದರು. ನ್ಯಾಯ ಇಲಾಖೆಯ ಮುಖ್ಯಸ್ಥರಾದ ಅಟಾರ್ನಿ ಜನರಲ್ ರಿಚರ್ಡ್‌ಸನ್ ಆಗಲ್ಲ ಎಂದು ರಾಜೀನಾಮೆ ಕೊಟ್ಟರು. ಅವರ ಕೆಳಗಿನ ರಕಲ್ಸ್‌ಹೌಸ್ ಕೂಡ ಒಪ್ಪಲಿಲ್ಲ. ಮೂರನೆಯವರು ಒಪ್ಪಿದರು, ಕಾಕ್ಸ್ ಹೋದರು. ಆದರೆ ಧ್ವನಿಮುದ್ರಣ ಕೊಡಲೇಬೇಕೆಂದು 1974ರ ಜುಲೈನಲ್ಲಿ ಸುಪ್ರೀಂ ಕೋರ್ಟ್ 8-0 ತೀರ್ಪು ಕೊಟ್ಟಿತು. ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿಯನ್ನು ನೇಮಿಸಿದ್ದು ನಿಕ್ಸನ್ ಅವರೇ. ಕಳ್ಳತನ ನಡೆದ ಆರನೇ ದಿನವೇ, ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐ ತನಿಖೆಯನ್ನು ಗೂಢಚಾರ ಸಂಸ್ಥೆ ಸಿಐಎ ಮೂಲಕ ತಡೆಯುವ ಮಾತಿಗೆ ಅಧ್ಯಕ್ಷರು ಹೂಂ ಅಂದದ್ದು ಆ ಧ್ವನಿಮುದ್ರಣದಲ್ಲಿತ್ತು. (1971ರಲ್ಲಿ ಇಂದಿರಾ ಗಾಂಧಿಯವರ ಬಗ್ಗೆ ಅವರು ಆಡಿದ ಕೊಳಕು ಮಾತುಗಳು ನಮಗೆ ಗೊತ್ತಾಗಿದ್ದೂ ಇದೇ ಯಂತ್ರಗಳಿಂದ.) ಆಗಸ್ಟ್ 9ಕ್ಕೆ ನಿಕ್ಸನ್ ಕುರ್ಚಿ ಬಿಟ್ಟರು.

ಅಲ್ಲಿಗೆ ಜನರ ನಂಬಿಕೆ ಚಿಗುರಬಹುದಿತ್ತು. ಆದರೆ ತಿಂಗಳು ತುಂಬುವಷ್ಟರಲ್ಲಿ, ಸೆಪ್ಟೆಂಬರ್ 8ರಂದು, ಹೊಸ ಅಧ್ಯಕ್ಷ ಫೋರ್ಡ್, ನಿಕ್ಸನ್ ಅವರಿಗೆ ಸಂಪೂರ್ಣ ಕ್ಷಮಾದಾನ ಕೊಟ್ಟುಬಿಟ್ಟರು. ವಿಚಾರಣೆ ಇಲ್ಲ, ತಪ್ಪೊಪ್ಪಿಗೆಯೂ ಇಲ್ಲ. ಫೋರ್ಡ್ ಅವರ ಪತ್ರಿಕಾ ಕಾರ್ಯದರ್ಶಿಯೇ ಇದನ್ನು ವಿರೋಧಿಸಿ ಕೆಲಸ ಬಿಟ್ಟರು. ಮಾಜಿ ಅಟಾರ್ನಿ ಜನರಲ್ ಮಿಚೆಲ್, ಆಪ್ತರಾದ ಹಾಲ್ಡಮನ್ ಮತ್ತು ಅರ್ಲಿಕ್‌ಮನ್ ಮುಂದೆ ಜೈಲು ಕಂಡರು. ಕೈಕೆಳಗಿನವರು ಜೈಲಿಗೆ, ಯಜಮಾನರು ಮನೆಗೆ! ದೇಶ ಮುಂದೆ ಸಾಗಲಿ ಅಂತ ಫೋರ್ಡ್ ಹಾಗೆ ಮಾಡಿದರು ಎನ್ನುವವರಿದ್ದಾರೆ. ಇರಬಹುದು. ಆದರೆ ದೊಡ್ಡವರಿಗೆ ಬೇರೆ ನ್ಯಾಯ ಅನ್ನುವ ಅನುಮಾನ ಜನರ ಮನಸ್ಸಲ್ಲಿ ಬೇರುಬಿಟ್ಟದ್ದು ಅವತ್ತು ಅಂತಲೇ ನಾನು ನಂಬುತ್ತೇನೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಅದೇ.

ಕಾನೂನುಗಳಿಂದ ಏನೂ ಸಿಗಲಿಲ್ಲ ಅನ್ನಬೇಡಿ. ಮಾಹಿತಿ ಹಕ್ಕನ್ನು ಬಲಪಡಿಸುವ ತಿದ್ದುಪಡಿಯನ್ನು ಫೋರ್ಡ್ ತಡೆದರೂ ಸಂಸತ್ತು 1974ರಲ್ಲೇ ಅದನ್ನು ಕಾನೂನು ಮಾಡಿತು. 1978ರ ನೈತಿಕತೆ ಕಾಯಿದೆ ದೊಡ್ಡ ಅಧಿಕಾರಿಗಳ ಆಸ್ತಿಪಾಸ್ತಿಯನ್ನು ಜನರ ಮುಂದಿಟ್ಟಿತು. ಅಧ್ಯಕ್ಷರ ಕಾಗದಪತ್ರ ಅವರ ಸ್ವಂತದ್ದಲ್ಲ, ದೇಶದ್ದು ಎಂದು ಅದೇ ವರ್ಷ ಇನ್ನೊಂದು ಕಾಯಿದೆ ಬಂತು. ಹಗರಣದಲ್ಲಿ ಎಷ್ಟೊಂದು ವಕೀಲರು ಸಿಕ್ಕಿಬಿದ್ದಿದ್ದರೆಂದರೆ, ಕಾನೂನು ಕಾಲೇಜುಗಳಲ್ಲಿ ವೃತ್ತಿ ನೀತಿಯ ಪಾಠ ಕಡ್ಡಾಯವಾಯಿತು.

ಆಗ ಬಂದ ಕಾನೂನುಗಳಲ್ಲಿ ಕೆಲವು ಸವೆದಿವೆ. ಚುನಾವಣಾ ಖರ್ಚಿನ ಮಿತಿಯನ್ನು 1976ರಲ್ಲಿ ಕೋರ್ಟೇ ತೆಗೆದುಹಾಕಿತು. ದೊಡ್ಡ ಅಧಿಕಾರಿಗಳ ತನಿಖೆಗೆ ಸ್ವತಂತ್ರ ಪ್ರಾಸಿಕ್ಯೂಟರ್ ನೇಮಿಸುವ ಕಾನೂನು 1999ರಲ್ಲಿ ಅವಧಿ ಮುಗಿದು ಹೋಯಿತು. ನನ್ನನ್ನು ಹೆಚ್ಚು ಕಾಡುವುದು 2024ರ ಜುಲೈ 1ರ ತೀರ್ಪು. ಅಧ್ಯಕ್ಷರು ಅಧಿಕಾರದ ಭಾಗವಾಗಿ ಮಾಡಿದ ಕೆಲಸಕ್ಕೆ ಕ್ರಿಮಿನಲ್ ಮೊಕದ್ದಮೆಯಿಂದ ದೊಡ್ಡ ರಕ್ಷಣೆ ಇದೆ ಎಂದು ಸುಪ್ರೀಂ ಕೋರ್ಟ್ 6-3ರಲ್ಲಿ ಹೇಳಿತು. ಅಂಥ ರಕ್ಷಣೆಯಿರುವ ಕೆಲಸಗಳನ್ನು ಬೇರೆ ಆರೋಪಕ್ಕೆ ಸಾಕ್ಷಿಯಾಗಿ ಬಳಸುವುದಕ್ಕೂ ತಡೆ ಹಾಕಿತು. ಅಧ್ಯಕ್ಷರು ತಮ್ಮ ಕಚೇರಿಯಲ್ಲಿ ಕೂತು ಸಿಐಎ ಬಗ್ಗೆ ಆಡಿದ 1972ರ ಆ ಮಾತು ಇವತ್ತಾಗಿದ್ದರೆ ಕೋರ್ಟಿನ ಬಾಗಿಲನ್ನಾದರೂ ದಾಟುತ್ತಿತ್ತೇ, ಮೇಷ್ಟ್ರೇ?

— ಸಂ.