ದಕ್ಷಿಣ ಸುಡಾನ್‌ನ ಬೆಂಟಿಯುನಲ್ಲಿ ನನ್ನ ದಿನಗಳು

ಆಫ್ರಿಕಾದ ದೂರದ ಊರಲ್ಲಿ ನೆರವು ಸಂಸ್ಥೆಗೆ ಕೆಲಸ ಮಾಡುವವರ ದಿನ ಹೇಗಿರುತ್ತೆ, ಭಯ ಆಗಲ್ವಾ ಅಂತ ಕೇಳಿದ್ದೀರಿ. ನಾನು 2022ರಲ್ಲಿ ದಕ್ಷಿಣ ಸುಡಾನ್‌ನ ಬೆಂಟಿಯುನಲ್ಲಿ ಕುಡಿಯುವ ನೀರಿನ ಕೆಲಸ ನೋಡಿಕೊಳ್ಳುತ್ತಿದ್ದೆ. ಅಲ್ಲಿಯದನ್ನೇ ಹೇಳುತ್ತೇನೆ.

2013ರ ಡಿಸೆಂಬರ್‌ನಲ್ಲಿ ದೇಶದೊಳಗೇ ಯುದ್ಧ ಶುರುವಾದಾಗ ಜನ ಪ್ರಾಣ ಉಳಿಸಿಕೊಳ್ಳಲು ವಿಶ್ವಸಂಸ್ಥೆಯ ನೆಲೆಗೆ ಓಡಿ ಬಂದಿದ್ದರು. ಅದೇ ಬೆಳೆದು ಲಕ್ಷಕ್ಕೂ ಜಾಸ್ತಿ ಜನರ ಶಿಬಿರವಾಯಿತು. 2021ರಲ್ಲಿ ದೊಡ್ಡ ಪ್ರವಾಹ ಬಂತು. ಬಂದ ನೀರು ಇಳಿಯಲೇ ಇಲ್ಲ. ನಾನು ಹೋದಾಗ ಶಿಬಿರವೆಲ್ಲ ಮಣ್ಣಿನ ಒಡ್ಡಿನ ಒಳಗಿತ್ತು, ಹೊರಗೆ ಕಣ್ಣು ಹಾಯುವವರೆಗೂ ನೀರು. ಕೆಲವು ಕಡೆ ಆಚೆಯ ನೀರು ಈಚೆಯ ನೆಲಕ್ಕಿಂತ ಎತ್ತರದಲ್ಲಿತ್ತು. ನೆಲ ನಮ್ಮ ವಿಜಯಪುರದ ಕಡೆಯಂಥದೇ ಎರೆ ಮಣ್ಣು. ಮಳೆ ಬಿದ್ದರೆ ಬೂಟು ಅಲ್ಲೇ ಉಳಿಯುತ್ತೆ, ಕಾಲು ಮಾತ್ರ ಬರುತ್ತೆ.

ಬೆಳಿಗ್ಗೆ ಆರೂವರೆಗೆ ನಾವು ನಲ್ಲಿಗಳ ಹತ್ತಿರ ಇರುತ್ತಿದ್ದೆವು. ಹೆಂಗಸರು ಅಷ್ಟರಲ್ಲೇ ಹಳದಿ ಕ್ಯಾನುಗಳನ್ನು ಸಾಲಾಗಿ ಇಟ್ಟಿರುತ್ತಿದ್ದರು. ಅಲ್ಲಿನ ಜನರ ನುಯೆರ್ ಭಾಷೆಯಲ್ಲಿ ನಮಸ್ಕಾರಕ್ಕೆ 'ಮಾಲೆ' ಅನ್ನುತ್ತಾರೆ. ಆ ಒಂದು ಮಾತಿನಿಂದಲೇ ದಿನ ಶುರು. ಆಮೇಲೆ ಸಣ್ಣ ಕೊಳವೆಗೆ ನೀರು ಹಿಡಿದು ಒಂದು ಮಾತ್ರೆ ಹಾಕುವುದು. ಗುಲಾಬಿ ಬಣ್ಣ ಬಂದರೆ ನೀರಲ್ಲಿ ಕ್ರಿಮಿ ಕೊಲ್ಲುವ ಕ್ಲೋರಿನ್ ಇದೆ ಅಂತ ಅರ್ಥ. ಒಬ್ಬರಿಗೆ ದಿನಕ್ಕೆ 15 ಲೀಟರ್, ಒಂದು ನಲ್ಲಿಗೆ 250 ಜನ, ಇದು ಕಾಗದದ ಮೇಲಿನ ಲೆಕ್ಕ. ಪಂಪು ಕೆಟ್ಟ ದಿನ ಆ ಲೆಕ್ಕವೆಲ್ಲ ತಲೆಕೆಳಗು. ಬಿಡಿಭಾಗ ರಾಜಧಾನಿ ಜುಬಾದಿಂದ ವಿಮಾನದಲ್ಲಿ ಬರಬೇಕು. ನೀರು ಸೋರದಂತೆ ತಡೆಯುವ ಒಂದು ಸೀಲ್‌ಗಾಗಿ ಮೂರು ವಾರ ಕಾದಿದ್ದೇನೆ.

ಕಷ್ಟದ ಕೆಲಸ ಅಂದರೆ ಆ ನೀರನ್ನು ಜನ ಕುಡಿಯುವಂತೆ ಮಾಡುವುದು. "ಇದು ವಾಸನೆ ಬರುತ್ತೆ, ಹೊರಗಿನ ನೀರೇ ರುಚಿ" ಅನ್ನುತ್ತಿದ್ದರು. ಆದರೆ ಆ ಹೊರಗಿನ ನೀರಿನಲ್ಲಿ ಎಷ್ಟೋ ಕಕ್ಕಸುಗಳು ಮುಳುಗಿದ್ದವು. ಆಗ ಶಿಬಿರದಲ್ಲಿ ಹೆಪಟೈಟಿಸ್ ಇ ಹರಡಿತ್ತು. ಅದೂ ಕಾಮಾಲೆಯೇ, ಬಸುರಿ ಹೆಂಗಸರ ಪ್ರಾಣಕ್ಕೇ ಕುತ್ತು ತರುವಂಥದ್ದು. ಆ ವರ್ಷ ಮಾರ್ಚ್‌ನಲ್ಲಿ ಎಂಎಸ್ಎಫ್‌ ಅನ್ನುವ ಅಂತರರಾಷ್ಟ್ರೀಯ ವೈದ್ಯಕೀಯ ನೆರವು ಸಂಸ್ಥೆಯ ವೈದ್ಯರು ಮತ್ತು ಅಲ್ಲಿನ ಆರೋಗ್ಯ ಇಲಾಖೆ ಸೇರಿ ಲಸಿಕೆ ಹಾಕಲು ಶುರುಮಾಡಿದರು. ರೋಗ ಹರಡಿರುವಾಗಲೇ ಆ ಲಸಿಕೆ ಬಳಸಿದ್ದು ಜಗತ್ತಿನಲ್ಲಿ ಅದೇ ಮೊದಲು. ನಮ್ಮ ತಂಡದಲ್ಲಿ ಅಲ್ಲಿಯದೇ ಒಬ್ಬ ಹೆಣ್ಣುಮಗಳಿದ್ದಳು, ತಾನೂ ಆರು ತಿಂಗಳ ಬಸುರಿ. ಸಾಲಿನ ಮುಂದೆ ನಿಂತು ನಲ್ಲಿ ನೀರು ಗಟಗಟ ಕುಡಿದು ತೋರಿಸುತ್ತಿದ್ದಳು. ನಾನು ತಿಂಗಳುಗಟ್ಟಲೆ ಹೇಳಿದ್ದಕ್ಕಿಂತ ಅವಳ ಒಂದು ಲೋಟ ಜಾಸ್ತಿ ಕೆಲಸ ಮಾಡಿತು.

ಇದನ್ನು ಒತ್ತಿ ಹೇಳಬೇಕು. ಅಲ್ಲಿ ಕೆಲಸ ಮಾಡುವವರಲ್ಲಿ ಬಹುಪಾಲು ಜನ ಅಲ್ಲಿಯವರೇ. ನನಗೆ ಕೆಲವು ವಾರಕ್ಕೊಮ್ಮೆ ರಜೆ, ವಿಮಾನ, ಜುಬಾದಲ್ಲಿ ಬಿಸಿನೀರಿನ ಸ್ನಾನ. ನನ್ನ ಪಂಪ್ ಆಪರೇಟರ್ ಮನೆ ನೀರಿನಡಿಗೆ ಹೋಗಿತ್ತು, ದನ ಸತ್ತಿದ್ದವು. ಅವರು ಒಂದು ದಿನವೂ ತಡವಾಗಿ ಬಂದವರಲ್ಲ.

ಸಂಜೆ ಕತ್ತಲಾಗುವ ಮೊದಲು ಕಾಂಪೌಂಡ್ ಒಳಗೆ ಬಂದುಬಿಡಬೇಕು. ವಾಕಿಟಾಕಿಯಲ್ಲಿ ಒಬ್ಬೊಬ್ಬರೇ "ಬಂದಿದ್ದೇನೆ" ಅಂತ ಹೇಳಬೇಕು. ಊಟಕ್ಕೆ ಅನ್ನ, ಬೇಳೆ. ಮಾರ್ಕೆಟ್‌ನಲ್ಲಿ ಕೆಲವೊಮ್ಮೆ ಕಿಸ್ರಾ ಸಿಗುತ್ತಿತ್ತು. ಜೋಳದ ಹಿಟ್ಟನ್ನು ಹುಳಿ ಬರಿಸಿ ದೋಸೆಗಿಂತ ತೆಳ್ಳಗೆ ಹುಯ್ಯುತ್ತಾರೆ. ಅದರ ಜೊತೆ ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ ಪುಡಿ! ಜೋಳ ತಿಂದು ಬೆಳೆದವನಿಗೆ ಅಷ್ಟು ಸಾಕಲ್ವಾ?

ಇನ್ನು ಭಯ. ಒಂದು ರಾತ್ರಿ ಜೋರು ಮಳೆಗೆ ಒಡ್ಡು ಒಂದು ಕಡೆ ಜಿನುಗತೊಡಗಿತು. ಟಾರ್ಚ್ ಹಿಡಿದು ಓಡಿದರೆ ಜನ ಆಗಲೇ ಸೇರಿದ್ದರು. ಮುದುಕರು, ಶಾಲೆ ಮಕ್ಕಳು, ಕೈಯಲ್ಲಿ ಸಿಕ್ಕಿದ್ದರಲ್ಲಿ ಮಣ್ಣು ತುಂಬುತ್ತಿದ್ದರು. ನಾನೂ ಚೀಲದ ಬಾಯಿ ಹಿಡಿದು ನಿಂತೆ. ಕೈ ನಡುಗುತ್ತಿತ್ತು. ಬೆಳಗಿನ ಹೊತ್ತಿಗೆ ಜಿನುಗು ನಿಂತಿತು. ಆರೂವರೆಗೆ ನಲ್ಲಿ ಹತ್ತಿರ ಹೋದರೆ, ರಾತ್ರಿ ಮಣ್ಣು ಹೊತ್ತ ಹೆಂಗಸರೇ ಕ್ಯಾನ್ ಇಟ್ಟುಕೊಂಡು ಕಾಯುತ್ತಿದ್ದರು.